ಗೋಡೆಯಾಗಿ ನಿಂತ ಅಕ್ಕ

ನಮ್ಮ ಊರಿಗೆ ಹೆಸರಿರಲಿಲ್ಲ. ಊರಿಗೆ ಹೆಸರು ಬೇಕಾಗುವುದು ಹೊರಗಿನಿಂದ ಬರುವವರಿಗೆ. ನಮ್ಮ ಊರಿಗೆ ಯಾರೂ ಬರುವಂತಿರಲಿಲ್ಲ, ಬಂದರೂ ಉಳಿಯುವಂತಿರಲಿಲ್ಲ. ಅಲ್ಲಿಯ ಕಟ್ಟಳೆ ಅದೊಂದೇ: ಊರಿನ ಮುಖಚಹರೆ ಇಲ್ಲದವರು ಊರೊಳಗೆ ಇರಕೂಡದು. ಕಾವಲಿನ ದಫೇದಾರನೂ ಅವನ ಆಳುಗಳೂ ಬೀದಿಬೀದಿ ತಿರುಗಿ ಎದುರಿಗೆ ಸಿಕ್ಕವರ ಮುಖ ನೋಡುತ್ತಿದ್ದರು. ಗುರುತು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಅಲ್ಲೇ ಮುಗಿಸುತ್ತಿದ್ದರು. ಮುಳ್ಳಿನ ಚೂರಾದರೂ ಅಷ್ಟೇ, ಧೂಳಿನ ಕಣವಾದರೂ ಅಷ್ಟೇ. ದಾಕ್ಷಿಣ್ಯ ಎಂಬುದು ಆ ದಫೇದಾರನ ಹತ್ತಿರ ಸುಳಿದದ್ದೇ ಇಲ್ಲ.

ನಾನು ಆ ಊರಿನ ಹೊರೆಯಾಳು. ಕೆಂಪು ಅಂಗಿ ತೊಟ್ಟ ನಾವು ಲೆಕ್ಕವಿಲ್ಲದಷ್ಟು ಜನ. ಊರ ನಡುವೆ ಒಂದು ನಗಾರಿ. ನಗಾರಿ ಹೊಡೆಯಿತು, ನಾವು ನಡೆದೆವು. ನಗಾರಿ ಹೊಡೆಯಿತು, ನಾವು ನಡೆದೆವು. ಗಾಳಿ ಊದುವ ತಿದಿಯ ಮನೆಗೆ ಹೋಗಿ ಗಡಿಗೆಯಲ್ಲಿ ಉಸಿರು ತುಂಬಿಕೊಳ್ಳುವುದು, ಕಾಲುವೆಯ ನೀರಿನ ಜೊತೆ ಊರೆಲ್ಲ ಸುತ್ತಿ ಮನೆಮನೆಗೆ ಉಸಿರು ಹಂಚುವುದು, ಅವರು ಬಿಟ್ಟ ಕೆಟ್ಟ ಗಾಳಿ ಹೊತ್ತುಕೊಂಡು ತಿದಿಯ ಮನೆಗೆ ಮರಳುವುದು. ಕೂತವನಿಲ್ಲ, ನಿಂತವನಿಲ್ಲ. ಬಿಡುವು ಕೇಳಿದವನನ್ನು ನಾನಂತೂ ಕಂಡಿಲ್ಲ.

ಊರಿಗೆ ಒಬ್ಬಳು ಒಡತಿ. ಅವಳ ಮುಖ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಮೇಲಿನ ಮಾಳಿಗೆಯಿಂದ ಅವಳ ಮಾತು ಮಾತ್ರ ಕಾಲುವೆಯ ನೀರಿನಲ್ಲಿ ಕರಗಿ ಇಳಿದು ಬರುತ್ತಿತ್ತು. ಅವ್ವ ಎಂದೇ ಕರೆಯುತ್ತಿದ್ದೆವು. ಅವ್ವ ನಕ್ಕರೆ ನಗಾರಿ ಹಗುರ, ಅವ್ವ ಹೆದರಿದರೆ ನಗಾರಿ ದಡದಡ. ಕಾಣದಿದ್ದರೂ ಅವಳ ಮನಸ್ಸು ನಮಗೆ ಅಂಗಾಲಿನಲ್ಲೇ ಗೊತ್ತಾಗುತ್ತಿತ್ತು.

ಊರಿನ ತಗ್ಗಿನಲ್ಲಿ ಒಂದು ಒಳಕೋಣೆ. ಅದು ಯಾವಾಗಲೂ ಖಾಲಿ. ಆದರೂ ತಿಂಗಳು ತಿಂಗಳೂ ಊರ ಹೆಂಗಸರು ಅದರ ಗೋಡೆಗೆ ಕೆಮ್ಮಣ್ಣು ಮೆತ್ತುತ್ತಿದ್ದರು. ದಪ್ಪವಾಗಿ, ಹದವಾಗಿ, ಬೆರಳಿಟ್ಟರೆ ಬೆರಳು ಇಳಿಯುವಂತೆ. ಯಾರಿಗಾಗಿ? ಬರುವವರಿಗಾಗಿ. ಯಾರನ್ನೂ ಒಳಗೆ ಬಿಡದ ಊರಿನಲ್ಲಿ ಬರುವವರಿಗಾಗಿ ಕೋಣೆ! ನಾವು ಹೊರೆಯಾಳುಗಳು ಮರೆಯಲ್ಲಿ ನಗುತ್ತಿದ್ದೆವು. ಚಂದ್ರ ಒಂದು ಸುತ್ತು ಮುಗಿಸಿದರೂ ಯಾರೂ ಬಂದಿರುತ್ತಿರಲಿಲ್ಲ. ಹೆಂಗಸರು ಮಾತಿಲ್ಲದೆ ಆ ಮಣ್ಣನ್ನೆಲ್ಲ ಕಿತ್ತು ಹೊರಗೆ ಹರಿಸಿಬಿಡುತ್ತಿದ್ದರು. ಅದಾದ ಮೇಲೆ ಮತ್ತೆ ಮೊದಲಿಂದ ಮೆತ್ತಲು ಕೂರುತ್ತಿದ್ದರು.

ಒಂದು ತಿಂಗಳು ನಿಜವಾಗಿಯೂ ಬಂದರು.

ಹೊರಟಾಗ ಒಬ್ಬಳೇ ಇದ್ದಳು, ಸಾಸಿವೆಗಿಂತ ಸಣ್ಣವಳು. ಒಳಕೋಣೆಗೆ ಬಂದು ಮುಟ್ಟುವಷ್ಟರಲ್ಲಿ ಇಬ್ಬರಾಗಿದ್ದಳು. ಹೇಗೆ ಎಂದು ನನ್ನನ್ನು ಕೇಳಬೇಡಿ, ಕನಸಿನಲ್ಲಿ ಆಗುವ ಹಾಗೆ ಆಗಿತ್ತು. ಹೊರಗಡೆ ನಿಂತವಳು ಅಕ್ಕ. ಅವಳ ಸೆರಗಿನೊಳಗೆ ಮುದುಡಿಕೊಂಡವಳು ತಂಗಿ.

"ಅಕ್ಕಾ, ನಾನೇನು ಮಾಡ್ಲಿ?" ಎಂದಳಂತೆ ತಂಗಿ.

"ನೀನು ಬೆಳಿ. ಮಿಕ್ಕಿದ್ದೆಲ್ಲ ನಂದು."

ಒಂದೇ ಜೀವ ಎರಡಾಗಿ ಕೆಲಸ ಹಂಚಿಕೊಂಡದ್ದು ಅಷ್ಟೇ ಮಾತಿನಲ್ಲಿ. ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಹೇಗೆ ಕಚ್ಚಾಡುತ್ತಾರೆ ಎಂಬುದು ನಿಮಗೂ ಗೊತ್ತು. ಇಲ್ಲಿ ಬೆಳೆಯುವ ಪಾಲೆಲ್ಲ ಒಬ್ಬಳಿಗೆ, ದುಡಿಯುವ ಪಾಲೆಲ್ಲ ಇನ್ನೊಬ್ಬಳಿಗೆ. ದುಡಿಯುವವಳು ಒಂದು ಸಲವೂ ಗೊಣಗಲಿಲ್ಲ.

ಅಷ್ಟರಲ್ಲಿ ಚಂದ್ರನ ಸುತ್ತು ಮುಗಿಯುತ್ತ ಬಂದಿತ್ತು. ಹೆಂಗಸರು ಮಣ್ಣು ಕೀಳಲು ಕೈ ಎತ್ತಿದ್ದರು. ಅಕ್ಕ ಎರಡೂ ಕೈಗಳನ್ನು ಗೋಡೆಯ ಕೆಮ್ಮಣ್ಣಿನೊಳಗೆ ತೂರಿಸಿ ಗಟ್ಟಿಯಾಗಿ ಕಚ್ಚಿಕೊಂಡಳು. ಕಾಲುವೆಯ ನೀರಿಗೆ ಒಂದು ಸಣ್ಣ ಗಂಧ ಬಿಟ್ಟಳು. ಆ ಗಂಧದಲ್ಲಿ ಒಂದು ಮಾತಿತ್ತು: ಕೀಳಬೇಡಿ, ಬಂದಿದ್ದೇವೆ. ಗಂಧ ಊರೆಲ್ಲ ಸುತ್ತಿತು, ಮಾಳಿಗೆಯನ್ನೂ ಮುಟ್ಟಿತು. ನಗಾರಿ ಒಂದು ಪೆಟ್ಟು ಜೋರಾಗಿ ಹೊಡೆಯಿತು. ಹೆಂಗಸರು ಎತ್ತಿದ ಕೈಯನ್ನು ಇಳಿಸಿದರು, ಅಷ್ಟು ತಿಂಗಳಲ್ಲಿ ಮೊದಲ ಸಲ.

ಇನ್ನು ದಫೇದಾರ ಸುಮ್ಮನಿರುತ್ತಾನೆಯೇ? ದಂಡು ಕಟ್ಟಿಕೊಂಡು ಬಂದ.

"ಯಾರೇ ನೀನು?"

"ಒಳಗಡೆ ಇರೋಳ ಅಕ್ಕ."

"ಮುಖ ತೋರ್ಸು." ಹತ್ತಿರ ಬಂದು ನೋಡಿದ. "ಅರ್ಧ ನಮ್ಮೂರಿನ ಮುಖ. ಇನ್ನರ್ಧ ಯಾರ್ದು?"

"ನೀವು ಕಾಣದ ಊರಿಂದು."

"ಹಂಗಾದ್ರೆ ಬಿಡಕ್ಕಾಗಲ್ಲ. ಕಟ್ಟಳೆ."

ಅಕ್ಕ ಓಡಲಿಲ್ಲ, ಅಳಲಿಲ್ಲ, ಅಂಗಲಾಚಲೂ ಇಲ್ಲ. ಸೆರಗು ತೆಗೆದುಕೊಂಡು ತನ್ನ ಮುಖದ ಗುರುತನ್ನೆಲ್ಲ ಒರೆಸಿಕೊಂಡಳು. ಈ ಊರಿನದೂ ಹೋಯಿತು, ಆ ಊರಿನದೂ ಹೋಯಿತು. ಹಣೆಯ ಮೇಲೆ ಒಂದು ಬೊಟ್ಟು ಮಾತ್ರ ಉಳಿಯಿತು, ನೋಡಿದವರ ಕೈಯ ಕೋಲು ತಾನಾಗಿ ಕೆಳಗಿಳಿಯುವಂಥ ಬೊಟ್ಟು.

"ಈಗ ನೋಡಣ್ಣ," ಎಂದಳು. "ನಾನು ಯಾರೂ ಅಲ್ಲ. ಇವಳ ಬಾಗಿಲು, ಅಷ್ಟೇ."

ದಫೇದಾರ ತಲೆ ಕೆರೆದುಕೊಂಡ. ಬೇರೆ ಮುಖದವರನ್ನು ಏನು ಮಾಡಬೇಕು ಎಂದು ಕಟ್ಟಳೆ ಹೇಳುತ್ತಿತ್ತು. ಮುಖವನ್ನೇ ಬಿಟ್ಟುಕೊಟ್ಟವಳನ್ನು ಏನು ಮಾಡಬೇಕು ಎಂದು ಹೇಳುತ್ತಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ನಾಲ್ಕಾರು ಆಳುಗಳನ್ನು ಅಲ್ಲೇ ಕಾವಲಿಗೆ ಬಿಟ್ಟು ಹೋದ. ಆ ಆಳುಗಳಿಗೆ ಸುಮ್ಮನೆ ನಿಂತು ನಿಂತು ಬೇಸರ ಬಂತೋ ಏನೋ, ಅಕ್ಕ ಅಗೆಯುವ ಕಡೆ ತಾವೂ ಕೈ ಹಾಕತೊಡಗಿದರು. ಹೊರಗೆ ಹಾಕಲು ಬಂದವರು ಒಳಗೆ ಕಟ್ಟಲು ನಿಂತರು.

ಅಗೆಯುವುದೆಂದರೆ ಏನನ್ನು? ಒಳಕೋಣೆಗೆ ಬರುವ ಕಾಲುವೆಗಳೆಲ್ಲ ಸುರುಳಿ ಸುರುಳಿ, ಇಕ್ಕಟ್ಟು. ಒಂದೊಂದರ ಬಾಯಿಗೂ ಒಂದು ತೂಬು, ತೂಬಿಗೆ ಹಗ್ಗ. ಹಗ್ಗ ಬಿಗಿದರೆ ನೀರು ನಿಲ್ಲಬೇಕು. ಅಕ್ಕ ತೂಬಿನೊಳಗೇ ಹತ್ತಿಹೋಗಿ ಆ ಹಗ್ಗಗಳನ್ನೆಲ್ಲ ಕಿತ್ತುಹಾಕಿದಳು, ಕಾಲುವೆಯ ಬಾಯಿ ಅಗಲ ಮಾಡಿದಳು. ಅಲ್ಲಿಯವರೆಗೆ ಮೊಣಕೈ ತಿಕ್ಕಿಕೊಂಡು ನುಗ್ಗುತ್ತಿದ್ದ ನಾವು ಒಂದು ವಿಶಾಲವಾದ ಕೊಳಕ್ಕೆ ಬಂದು ಇಳಿಯತೊಡಗಿದೆವು. ಕೊಳದ ತುಂಬ ಅಕ್ಕನ ಬೆರಳುಗಳು. ಬೆರಳಿಗೆ ಬೆರಳು ಒಡೆದು, ಅದಕ್ಕೆ ಮತ್ತೆ ಬೆರಳು ಒಡೆದು, ನೀರಿನಲ್ಲಿ ಒಂದು ಕಾಡೇ ತೂಗುತ್ತಿತ್ತು. ನಾವು ಅದರ ನಡುವೆ ನಿಧಾನವಾಗಿ ಹಾಯುತ್ತಿದ್ದೆವು, ಅವಳು ನಮ್ಮ ಗಡಿಗೆಯ ಉಸಿರು ತೆಗೆದುಕೊಳ್ಳುತ್ತಿದ್ದಳು.

ಒಂದೊಂದು ಬೆರಳಿನೊಳಗೂ ಒಂದು ಓಣಿ. ಆ ಓಣಿಯಲ್ಲಿ ತಂಗಿಯ ಹೊರೆಯಾಳುಗಳು ಓಡಾಡುತ್ತಿದ್ದರು. ಅವರನ್ನು ನಾವು ಕಾಣಲಿಲ್ಲ, ಅವರು ನಮ್ಮನ್ನು ಕಾಣಲಿಲ್ಲ. ನಡುವೆ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಗೋಡೆ, ಆ ಗೋಡೆಯೂ ಅಕ್ಕನೇ. ಪುಟಾಣಿಗಳಿಗೆ ಆಸೆ ಜಾಸ್ತಿ ಎಂದು ಕಾಣುತ್ತದೆ, ನಾವು ಗಡಿಗೆ ಇಳಿಸುವ ಮೊದಲೇ ಉಸಿರನ್ನು ಸೆಳೆದುಕೊಳ್ಳುತ್ತಿದ್ದರು. ಉಸಿರು ಆ ಕಡೆಗೆ ಹೋಯಿತು, ಕೆಟ್ಟ ಗಾಳಿ ಈ ಕಡೆಗೆ ಬಂತು. ಬೆಲ್ಲ ಹೋಯಿತು, ಉಪ್ಪು ಹೋಯಿತು, ಎಲುಬಿಗೆ ಬೇಕಾದ ಸುಣ್ಣ ಹೋಯಿತು. ತಂಗಿಯ ಕೊಳೆಯೆಲ್ಲ ಬಂತು. ನೀರು ಮಾತ್ರ ನೀರಿಗೆ ಬೆರೆಯಲಿಲ್ಲ. ಈ ಕಡೆ ನಮ್ಮ ನಗಾರಿ ಹೊಡೆಯಿತು, ನಾವು ನಡೆದೆವು. ಆ ಕಡೆ ಒಂದು ಪುಟ್ಟ ನಗಾರಿ ಅವಸರ ಅವಸರವಾಗಿ ಹೊಡೆಯಿತು, ಅವರು ನಡೆದರು.

ಅಕ್ಕ ದೇವರೇನಲ್ಲ. ಎಷ್ಟೋ ವಿಷವನ್ನು, ಎಷ್ಟೋ ಕಳ್ಳರನ್ನು ಅವಳು ಗೋಡೆಯ ಈ ಕಡೆಯೇ ತಡೆದು ನಿಲ್ಲಿಸುತ್ತಿದ್ದಳು. ಆದರೆ ತಿದಿಯ ಮನೆಗೆ ಹೊಗೆ ನುಗ್ಗಿದರೆ ಹೊಗೆಯೂ ದಾಟಿಬಿಡುತ್ತಿತ್ತು, ಕಾಲುವೆಗೆ ಹೆಂಡ ಬಿದ್ದರೆ ಹೆಂಡವೂ ದಾಟುತ್ತಿತ್ತು. ತಡೆಯಲಾಗದ್ದಕ್ಕೆ ಅವಳಷ್ಟು ನೊಂದುಕೊಂಡವರನ್ನು ನಾನು ಕಂಡಿಲ್ಲ.

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? "ತಂಗಿಗೆ ತಂಗಿಗೆ ಅಂತ ಈಸ್ಕೋತಾಳೆ, ಹತ್ತಿರ ಹತ್ತಿರ ಅರ್ಧ ತಾನೇ ತಿಂತಾಳೆ," ಎಂದು ನಮ್ಮವರೇ ಆಡಿಕೊಳ್ಳುತ್ತಿದ್ದರು. ತಿನ್ನುತ್ತಿದ್ದುದು ನಿಜ. ಒಲೆ ಉರಿಯಲು ಸೌದೆ ಬೇಡವೇ? ಹಗಲು ರಾತ್ರಿ ಇಷ್ಟು ಎತ್ತಿ, ಇಷ್ಟು ಇಳಿಸಿ, ಇಷ್ಟು ಸೋಸಿ, ದಿನಕ್ಕೊಂದು ಹೊಸ ಬೆರಳು ಬೆಳೆಸುವವಳು ಗಾಳಿ ಕುಡಿದು ಬದುಕಬೇಕಿತ್ತೆ? ನನಗೆ ಆ ಮಾತು ಕೇಳಿದಾಗಲೆಲ್ಲ ರೇಗುತ್ತಿತ್ತು.

ಹೀಗಿರುತ್ತ ಅವ್ವ ದಣಿಯತೊಡಗಿದಳು. ಉಗ್ರಾಣದ ಬೆಲ್ಲವನ್ನು ಊರವರು ಬಾಚಿಕೊಳ್ಳದೆ ತಂಗಿಗೆ ಉಳಿಸಬೇಕು ಎಂದು ಅಕ್ಕ ನೀರಿನಲ್ಲಿ ಹೇಳಿ ಕಳಿಸುತ್ತಿದ್ದಳು, ಊರು ಅದನ್ನು ಕೇಳುತ್ತಲೂ ಇತ್ತು. ನಗಾರಿ ಇಬ್ಬರಿಗಾಗಿ ಹೊಡೆಯಬೇಕು, ತಿದಿ ಇಬ್ಬರಿಗಾಗಿ ಊದಬೇಕು. ಅಂಥ ಒಂದು ಮಧ್ಯಾಹ್ನ ದಫೇದಾರ ತಪಾಸಣೆಗೆ ಬಂದ. ತೂಬಿಗೆ ಹಗ್ಗವಿಲ್ಲದ್ದು ಅವನ ಕಣ್ಣಿಗೆ ಬಿತ್ತು.

ಅವ್ವ ಹೆದರಿದ ದಿನ ತಗ್ಗಿನ ತೂಬೆಲ್ಲ ಮುಚ್ಚಿ, ಇದ್ದ ನೀರನ್ನು ನಗಾರಿಗೂ ಮಾಳಿಗೆಗೂ ಉಳಿಸುವುದು ನಮ್ಮೂರಿನ ಹಳೆಯ ಪದ್ಧತಿ. ಆ ಪದ್ಧತಿಯಿಂದಲೇ ಊರು ಎಷ್ಟೋ ಗಂಡಾಂತರ ದಾಟಿತ್ತು. ದಫೇದಾರ ಅದನ್ನು ಕಣ್ಣಾರೆ ಕಂಡವನು.

"ಊರಿನ ತೂಬು ಊರೋರ ಕೈಯಾಗೆ ಇಲ್ಲ ಅಂದ್ರೆ ಊರು ಯಾರ್ದಪ್ಪಾ?" ಎಂದು ಅಬ್ಬರಿಸಿದ. "ನಾಳೆ ಏನಾದ್ರೂ ಆದ್ರೆ ಅವ್ವನ್ನ ಉಳಿಸೋರ್ಯಾರು?"

ಅವನದು ದ್ವೇಷವಲ್ಲ, ಅವ್ವನ ಮೇಲಿನ ಪ್ರೀತಿ. ಆ ಪ್ರೀತಿಯಲ್ಲೇ ಹೊಸ ಹಗ್ಗ ತಂದು ತೂಬುಗಳನ್ನು ಒಂದೊಂದಾಗಿ ಬಿಗಿಸಿದ.

ಕಾಲುವೆ ಇಕ್ಕಟ್ಟಾಯಿತು. ಕೊಳಕ್ಕೆ ಇಳಿಯಬೇಕಾದ ನಾವು ಕವಣೆಯ ಕಲ್ಲಿನ ಹಾಗೆ ಚಿಮ್ಮಿ ಅಕ್ಕನ ಬೆರಳುಗಳಿಗೆ ಬಡಿದೆವು. ಬೆರಳು ಮುರಿದವು. ನಮ್ಮಲ್ಲಿ ಮುಕ್ಕಾಲು ಜನ ತೂಬಿನಲ್ಲೇ ಸಿಕ್ಕಿಕೊಂಡರು, ಗಡಿಗೆಯ ಉಸಿರು ಗಡಿಗೆಯಲ್ಲೇ ಉಳಿಯಿತು. ಗೋಡೆಯ ಆ ಕಡೆ ಪುಟ್ಟ ನಗಾರಿ ತಡವರಿಸಿತು. ತಂಗಿ ಒದೆಯುವುದನ್ನು ನಿಲ್ಲಿಸಿದಳು.

ಅಕ್ಕ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವಳು ಕಾಲುವೆಗೆ ಕಹಿ ಬೆರೆಸಿದಳು. ಆ ಕಹಿ ಮುಟ್ಟಿದ ಕಡೆಯೆಲ್ಲ ಊರಿನ ಕಾಲುವೆಗಳು ಸೆಟೆದುಕೊಂಡವು, ಬೀದಿಗಳು ಬಾತುಕೊಂಡವು, ಮಾಳಿಗೆಯ ದೀಪಗಳು ಕಣ್ಣು ಕುಕ್ಕುವಂತೆ ಫಳಫಳ ಎಂದವು. "ನಾನು ಹೇಳ್ಲಿಲ್ವಾ? ವಿಷ ಹಾಕ್ತಿದ್ದಾಳೆ!" ಎಂದು ದಫೇದಾರ ಹಗ್ಗವನ್ನು ಇನ್ನೂ ಬಿಗಿಮಾಡಿದ. ಅವನು ಬಿಗಿದಷ್ಟೂ ಅವಳು ಕಹಿ ಸುರಿದಳು. ಇಬ್ಬರೂ ಕಾಪಾಡುವವರೇ, ಇಬ್ಬರಿಂದಲೂ ಊರು ಮುಳುಗುತ್ತಿತ್ತು.

ಆಗ ಮಾಳಿಗೆಯಿಂದ ಅವ್ವನ ಮಾತು ಇಳಿದು ಬಂತು. ಆ ಮಾತು ಹೊತ್ತವರಲ್ಲಿ ನಾನೂ ಒಬ್ಬ.

"ಏನೇ, ನನ್ನ ಊರಲ್ಲಿ ಇದ್ಕೊಂಡು ನನಗೇ ಕಹಿ ಹಾಕ್ತೀಯಾ?"

"ಕೂಗಿದ್ರೆ ಕೇಳಿಸ್ಲಿಲ್ಲ ಅವ್ವಾ."

"ಹಗ್ಗ ಯಾಕೆ ಕಿತ್ತೆ? ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ನಿನ್ನ ನಂಬ್ತೀನಿ. ನಿನ್ನ ಭಯಾನ ನಂಬಲ್ಲ. ನೀನು ಹೆದರಿದ ದಿನ ತೂಬೆಲ್ಲ ತಾವಾಗೇ ಮುಚ್ಕೋತವೆ. ಆವತ್ತೂ ಇವಳಿಗೆ ಉಸಿರು ಬೇಕಲ್ಲವ್ವಾ."

ಆ ಮಾತನ್ನು ನಾವು ಮಾಳಿಗೆಗೆ ಮುಟ್ಟಿಸಿದೆವು.

"ಅವಳು ಹೆಂಗಿದ್ದಾಳೆ?" ಅವ್ವನ ದನಿ ಬದಲಾಗಿತ್ತು.

"ಪುಟ್ಟ ನಗಾರಿ ನಿಧಾನ ಆಗ್ತಾ ಇದೆ."

"ದಫೇದಾರಾ, ಹಗ್ಗ ಕುಯ್ಯಿ."

"ಅವ್ವಾ, ಊರಿನ ಗತಿ..."

"ಊರು ನಂದು ಕಣಪ್ಪಾ. ಕುಯ್ಯಿ ಅಂದೆ."

ಕುಯ್ದ. ತಾನು ಬಿಗಿದ ಹಗ್ಗವನ್ನು ತಾನೇ ಕುಯ್ದ. ನೀರು ಸಾವಕಾಶವಾಗಿ ಕೊಳಕ್ಕೆ ಇಳಿಯಿತು, ನಾವೂ ಇಳಿದೆವು. ಅಕ್ಕ ಉಳಿದ ಬೆರಳುಗಳಿಂದಲೇ ಗಡಿಗೆ ಈಸಿಕೊಂಡಳು. ಎಷ್ಟೋ ಹೊತ್ತು ಆ ಕಡೆಯಿಂದ ಏನೂ ಇಲ್ಲ. ದಫೇದಾರ ಗೋಡೆಗೆ ಕಿವಿ ಹಚ್ಚಿ ಕೂತಿದ್ದ. ಆಮೇಲೆ ಡಬ್ ಎಂದಿತು. ಮತ್ತೊಂದು ಸಲ ಡಬ್. ಆಮೇಲೆ ಮೊದಲಿನ ಆ ಅವಸರದ ಬಡಿತ. ಒಳಗಿನಿಂದ ಒಂದು ಒದೆ ಅವನ ಕೆನ್ನೆಗೇ ಸರಿಯಾಗಿ ಬಿತ್ತು. ಅಂಥ ಗಡಸು ಮನುಷ್ಯ ಅತ್ತುಬಿಟ್ಟ, ನಾವೂ ಅತ್ತೆವು.

ಅಂದಿನಿಂದ ಅವನು ಬೇರೆಯೇ ಮನುಷ್ಯ. ಒಂದು ದಿನ ಅಕ್ಕನ ಹತ್ತಿರ ಬಂದು, "ಇವಳು ಹೊರಗೆ ಹೋದ್ಮೇಲೆ ಕಾವಲಿಗೆ ಯಾರಕ್ಕಾ ಇದ್ದಾರೆ?" ಎಂದು ಕೇಳಿದ. ಯಾರೂ ಇರಲಿಲ್ಲ. ತನ್ನ ಆಳುಗಳಲ್ಲಿ ಪಳಗಿದವರನ್ನು, ಹಳೆಯ ಶತ್ರುಗಳ ಮುಖ ನೆನಪಿದ್ದವರನ್ನು ಆರಿಸಿ ಆರಿಸಿ ತಂದು ನಿಲ್ಲಿಸಿದ. ಅಕ್ಕ ಒಬ್ಬೊಬ್ಬರನ್ನೂ ಅಂಗೈಯಲ್ಲಿ ಕೂರಿಸಿಕೊಂಡು ಗೋಡೆಯ ಆ ಕಡೆಗೆ ಇಳಿಸಿದಳು. ಬೇರೆಯವರನ್ನು ಊರಿಗೆ ಬಿಡಕೂಡದು ಎಂದವನು ತನ್ನವರನ್ನೇ ಬೇರೆಯವಳ ಜೊತೆ ಕಳಿಸಿಕೊಟ್ಟ.

ತಂಗಿ ಬೆಳೆದಳು, ಕೋಣೆ ಇಕ್ಕಟ್ಟಾಗುವಷ್ಟು ಬೆಳೆದಳು. ಅಕ್ಕನಿಗೆ ವಯಸ್ಸಾಯಿತು. ಅವಳ ಬೆರಳುಗಳ ಮೇಲೆ ಸುಣ್ಣದ ಕಲೆಗಳು ಕಂಡವು, ಕೆಲವು ಬೆರಳು ಒಣಗಿ ನೀರಿನಲ್ಲಿ ಸುಮ್ಮನೆ ತೂಗುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಇವಳು ಹೊರಟ ಮೇಲೆ ನೀನು?"

"ನಾನೂ ಹೊರಡ್ತೀನಿ."

"ಎಲ್ಲಿಗೆ?"

"ಗಡಿಗೆ ಇಳಿಸಪ್ಪಾ, ಅವಳು ಕಾಯ್ತಿದ್ದಾಳೆ."

ಆ ಪುಣ್ಯಾತ್ಗಿತ್ತಿಯ ಬಾಯಲ್ಲಿ ತನ್ನ ಬಗ್ಗೆ ನಾನು ಕೇಳಿದ್ದು ಅಷ್ಟೇ.

ಹೊರಡುವ ದಿನ ಬಂತು. ಊರಿಗೆ ಊರೇ ಹಿಂಡಿ ಹಿಂಡಿ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು. ಒಂದೊಂದು ಸಲ ಬಿಗಿದಾಗಲೂ ಕೊಳಕ್ಕೆ ನೀರು ಬರುವುದು ನಿಲ್ಲುತ್ತಿತ್ತು. ಸಡಿಲವಾದ ಆ ಎರಡು ಗಳಿಗೆಯಲ್ಲಿ ಅಕ್ಕ ಇದ್ದಬದ್ದ ಉಸಿರನ್ನೆಲ್ಲ ಬಾಚಿ ಬಾಚಿ ತಂಗಿಗೆ ದಾಟಿಸುತ್ತಿದ್ದಳು. ಕೊನೆಗೆ ಊರ ಬಾಗಿಲು ತೆರೆಯಿತು. ತಂಗಿ ಬೆಳಕಿಗೆ ಜಾರಿಹೋದಳು.

ಅಕ್ಕ ಗೋಡೆಯಿಂದ ಕೈ ಬಿಡಿಸಿಕೊಂಡಾಗ ಕೊಳವೇ ಹೊರಗೆ ಚೆಲ್ಲಿತು. ಅವಳ ಜೊತೆ ಹೊರಬಿದ್ದ ಹೊರೆಯಾಳುಗಳಲ್ಲಿ ನಾನೂ ಇದ್ದೆ. ಹೊರಬಿದ್ದವರು ಊರಿಗೆ ಮರಳುವುದಿಲ್ಲ, ನನಗೇನೂ ಬೇಸರವಿಲ್ಲ. ಹೊರಗೆ ಬಂದದ್ದರಿಂದಲೇ ಅವ್ವನ ಮುಖ ಕಂಡೆ. ಊರೇ ಅವ್ವ. ಚಾಪೆಯ ಮೇಲೆ ಬೆವೆತು ಮಲಗಿದ್ದ ಆ ಹೆಂಗಸಿನೊಳಗೇ ನಮ್ಮ ಬೀದಿ, ನಮ್ಮ ನಗಾರಿ, ನಮ್ಮ ಮಾಳಿಗೆ ಎಲ್ಲ ಇದ್ದವು.

ಮೊದಲೇ ಹೊರಗೆ ಬಂದಿದ್ದ ತಂಗಿ ಅವಳ ಎದೆಯ ಮೇಲಿದ್ದಳು. ತಂಗಿಯ ಹೊಕ್ಕುಳಿನಿಂದ ಹೊರಟ ಬಳ್ಳಿಯನ್ನು ಹಿಡಿದು ಸೂಲಗಿತ್ತಿ ಕೂತಿದ್ದಳು.

"ಕುಯ್ಲಾ?" ಎಂದಳು ಪಕ್ಕದಲ್ಲಿದ್ದ ಅವಳ ಸೊಸೆ.

"ತಡಿಯೇ. ಇನ್ನೂ ಮಿಡೀತೈತೆ, ಕೊಡೋದು ಮುಗಿದಿಲ್ಲ."

ಅಕ್ಕ ಕೊಟ್ಟಳು. ಬೆರಳ ತುದಿಯಲ್ಲಿ ಉಳಿದದ್ದನ್ನೂ ಕೊಟ್ಟಳು. ತಂಗಿಯ ಮೈ ಕೆಂಪಗಾಗುತ್ತ ಹೋಯಿತು, ಬಳ್ಳಿ ಬೆಳ್ಳಗಾಗುತ್ತ ಹೋಯಿತು. ಮಿಡಿತ ನಿಂತ ಮೇಲೆ ಸೊಸೆ ಕುಯ್ದಳು. ಸೂಲಗಿತ್ತಿ ಅಕ್ಕನನ್ನು ಮೊರದ ಮೇಲೆ ಹರಡಿ, ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ಅಂಚೆಲ್ಲ ಸವರಿ ನೋಡಿದಳು. "ಮಾಸು ಪೂರ್ತಿ ಬಂತು ಕಣವ್ವಾ, ಗಂಡಾಂತರ ಕಳೀತು," ಎಂದಳು. ಮಾಸು, ಹೊರಗಿನವರು ಅಕ್ಕನಿಗೆ ಇಟ್ಟ ಹೆಸರು ಅದು. ಸೊಸೆ ಹೂಳಿಬರಲು ಮೊರ ಎತ್ತಿದಳು.

"ಒಂದು ಗಳಿಗೆ ಇರು," ಎಂದಳು ಅವ್ವ. "ಇಲ್ಲಿ ಇಳ್ಸು."

"ಇದನ್ನೇನು ನೋಡ್ತೀಯವ್ವಾ?"

"ಅಕ್ಕತಂಗಿ ಒಂದ್ಸಲ ಪಕ್ಕಪಕ್ಕ ಇರ್ಲಿ."

ಸೊಸೆಗೆ ಅರ್ಥವಾಗಲಿಲ್ಲ, ಆದರೂ ಇಳಿಸಿದಳು. ಅವ್ವ ಒಂದು ಕೈಯನ್ನು ಅಕ್ಕನ ಮೇಲಿಟ್ಟಳು. ಅಕ್ಕ ಇನ್ನೂ ಬೆಚ್ಚಗಿದ್ದಳು.

ತಂಗಿ ಕಣ್ಣು ಬಿಡಲಿಲ್ಲ. ತುಟಿ ಚಪ್ಪರಿಸಿದಳು. ಮುಖ ಆ ಕಡೆ ಹೊರಳಿಸಿದಳು, ಈ ಕಡೆ ಹೊರಳಿಸಿದಳು. ಕೇಳದೆಯೇ ಬರುತ್ತಿದ್ದದ್ದು ಯಾವುದೋ ಈಗ ಬರುತ್ತಿರಲಿಲ್ಲ. ಏನದು ಎಂದು ತಿಳಿಯದೆ ಕಕ್ಕಾಬಿಕ್ಕಿಯಾಗಿ, ಕೈಕಾಲು ಬಡಿದು, ಜೋರಾಗಿ ಅಳತೊಡಗಿದಳು.

"ಹಸಿವಾಗೈತೆ," ಎಂದಳು ಸೂಲಗಿತ್ತಿ. "ಹುಟ್ಟಿದಾಗಿಂದ ಮೊದಲ್ನೇ ಹಸಿವು."